ಎಲಿಮಿನೇಟರ್ ಅವೆಂಜರ್ ಕಾಪಿ ಅಂತೆ!

ನಮಸ್ಕಾರ. ಇವತ್ತು ರಿವ್ಯೂ ಇಲ್ಲ, ಮೈಲೇಜ್ ಟೆಸ್ಟ್ ಇಲ್ಲ, ಹೆಲ್ಮೆಟ್ ಗಿವ್‌ಅವೇ ಕೂಡ ಇಲ್ಲ. ಇವತ್ತು ಬರೀ ಒಂದು ಕಾಮೆಂಟ್ ಇದೆ.

ಕಳೆದ ವಾರ ಜಪಾನಿನ ಕವಾಸಕಿ ಕಂಪನಿಯ ಎಲಿಮಿನೇಟರ್ ಬೈಕ್ ಬಗ್ಗೆ ಒಂದು ಶಾರ್ಟ್ ಹಾಕಿದ್ದೆ. ಅದರ ಕೆಳಗೆ ಒಬ್ಬರು ಬರೆದಿದ್ದಾರೆ: "ಬ್ರೋ, ಇದು ಬಜಾಜ್ ಅವೆಂಜರ್ ಕಾಪಿ ತಾನೇ? ಸ್ಟಿಕ್ಕರ್ ಬದಲಾಯಿಸಿ ಐದೂವರೆ ಲಕ್ಷಕ್ಕೆ ಮಾರ್ತಿದ್ದಾರೆ." ಆ ಕಾಮೆಂಟ್‌ಗೆ ಬಿದ್ದಷ್ಟು ಲೈಕು ನನ್ನ ವಿಡಿಯೋಗೇ ಬಿದ್ದಿಲ್ಲ. ಅದೊಂದು ಹೊಟ್ಟೆಕಿಚ್ಚು ಬೇರೆ.

ಕಾಪಿ ಅಂತೆ! ತಾತನನ್ನು ನೋಡಿ, ಇವರು ಥೇಟ್ ಮೊಮ್ಮಗನ ಹಾಗೇ ಇದ್ದಾರೆ, ಅವನನ್ನು ನೋಡಿ ಕಲಿತಿರಬೇಕು ಅಂದ ಹಾಗಾಯಿತು.

ಇಸವಿ ಹೇಳಿಬಿಡುತ್ತೇನೆ, ಬರೆದುಕೊಳ್ಳಿ. ಅವೆಂಜರ್ ನಮ್ಮ ರಸ್ತೆಗೆ ಇಳಿದದ್ದು 2005ರಲ್ಲಿ. ಅದಕ್ಕೂ ಮುಂಚೆ, 2001ರಲ್ಲಿ, ಇದೇ ಬಜಾಜ್ ಶೋರೂಮುಗಳಲ್ಲಿ ಒಂದು ಉದ್ದನೆಯ, ತಗ್ಗು ಸೀಟಿನ ಬೈಕ್ ನಿಂತಿತ್ತು. ಅದರ ಹೆಸರು ಎಲಿಮಿನೇಟರ್. ಅದಕ್ಕೂ ಮುಂಚೆ, 1985ರಲ್ಲಿ, ಅಮೆರಿಕದಲ್ಲಿ ಇನ್ನೊಂದು ಎಲಿಮಿನೇಟರ್ ಓಡಾಡುತ್ತಿತ್ತು. ಅದು 900 ಸಿಸಿ. ನಮ್ಮಲ್ಲಿ ಆರ್‌ಎಕ್ಸ್ 100 ಆಗಷ್ಟೇ ಬರುತ್ತಿದ್ದ ಕಾಲ ಅದು. ಈಗ ಹೇಳಿ, ಯಾರು ಯಾರ ಕಾಪಿ?

ಆದರೆ ನನ್ನ ತಕರಾರು ಅಷ್ಟಕ್ಕೇ ಮುಗಿಯುವುದಿಲ್ಲ. ಕ್ರೂಸರ್, ಅಂದರೆ ತಗ್ಗು ಸೀಟಿನ ಉದ್ದನೆಯ ಬೈಕ್, ಅಂದ ತಕ್ಷಣ ನಮ್ಮ ಜನ ನೋಡುವುದೇ ಬೇರೆ ಜಾಗವನ್ನು. ಸೀಟು ತಗ್ಗಿದೆಯಾ? ಹ್ಯಾಂಡಲ್ ಅಗಲ ಇದೆಯಾ? ಕ್ರೋಮ್ ಹೊಳೆಯುತ್ತಾ? ಕಾಲು ಮುಂದೆ ಚಾಚಿ ಕೂತರೆ ಮಾವನ ಮನೆಗೆ ಹೋದಾಗ ಗತ್ತು ಕಾಣುತ್ತಾ? ಇಷ್ಟೇ. ಸ್ವಾಮಿ, ಎಲಿಮಿನೇಟರ್ ವಿಷಯದಲ್ಲಿ ಹ್ಯಾಂಡಲ್ ನೋಡಬೇಡಿ. ಎಂಜಿನ್ ನೋಡಿ. ಅದು ನಿಂಜಾ ಎಂಜಿನ್, ಕವಾಸಕಿಯ ವೇಗದ ಸ್ಪೋರ್ಟ್ಸ್ ಬೈಕುಗಳದ್ದು. ಮೊದಲನೇ ದಿನದಿಂದ ಆ ಬೈಕಿನ ಗುಟ್ಟೇ ಅದು.

ಸ್ವಲ್ಪ ಹಿಂದಕ್ಕೆ ಹೋಗೋಣ. 1972ರಲ್ಲಿ ಕವಾಸಕಿ ಝಡ್1 ಅಂತ ಒಂದು ಬೈಕ್ ತಂದಿತು. 903 ಸಿಸಿ, ನಾಲ್ಕು ಸಿಲಿಂಡರ್. ಅಮೆರಿಕದ ಹುಡುಗರಿಗೆ ಹುಚ್ಚು ಹಿಡಿಯಿತು. ಅದನ್ನು ಕೊಂಡುಕೊಂಡು ಮನೆ ಹಿಂದೆ ಹ್ಯಾಂಡಲ್ ಎತ್ತರಿಸುವುದು, ಸೀಟು ಬದಲಾಯಿಸುವುದು ಶುರುವಾಯಿತು. ಕವಾಸಕಿಯವರು ನೋಡಿದರು. ನೀವ್ಯಾಕೆ ಕಷ್ಟಪಡುತ್ತೀರಿ, ನಾವೇ ಮಾಡಿ ಕೊಡುತ್ತೇವೆ ಅಂತ 1976ರಲ್ಲಿ ಕೆಝಡ್900 ಎಲ್‌ಟಿಡಿ ಬಿಟ್ಟರು. ಅದೇ ಝಡ್1 ವಂಶದ ಎಂಜಿನ್. ಮೇಲೆ ಮೆಟ್ಟಿಲಿನಂಥ ಸೀಟು, ಎತ್ತರದ ಹ್ಯಾಂಡಲ್. ಜಪಾನಿನ ಕಂಪನಿಯೊಂದು ಫ್ಯಾಕ್ಟರಿಯಲ್ಲೇ ಕಸ್ಟಮ್ ಮಾಡಿದ ಬೈಕು ಅಂದರೆ ಎಲ್ಲರೂ ಇದನ್ನೇ ಮೊದಲು ಹೆಸರಿಸುವುದು. ಗಮನಿಸಿ. ಅಲ್ಲೂ ಎಂಜಿನ್ ಯಾವುದು? ವೇಗದ ಬೈಕಿನದೇ.

ಆಮೇಲೆ 1983 ಬಂತು. ಹಾರ್ಲಿ ಡೇವಿಡ್‌ಸನ್ ಅನ್ನುವ ಅಮೆರಿಕದ ಕ್ರೂಸರ್ ಕಂಪನಿ ಕಷ್ಟದಲ್ಲಿತ್ತು. ಜಪಾನಿನವರಿಂದ ಕಾಪಾಡಿ ಅಂತ ಸರ್ಕಾರದ ಬಾಗಿಲಿಗೆ ಹೋಯಿತು. ರೇಗನ್ ಸರ್ಕಾರ 700 ಸಿಸಿ ಮೀರಿದ ಆಮದು ಬೈಕುಗಳ ಸುಂಕವನ್ನು ಶೇಕಡಾ 4.4ರಿಂದ ಶೇಕಡಾ 49.4ಕ್ಕೆ ಏರಿಸಿತು. ಒಂದೇ ಏಟಿಗೆ! ಜಪಾನಿನವರು ಏನು ಮಾಡಿದರು? 750 ಸಿಸಿ ಎಂಜಿನ್‌ಗಳನ್ನು ಚೂರು ಸಣ್ಣದು ಮಾಡಿ 699 ಸಿಸಿ ಅಂತ ಬರೆದರು. ಕಸ್ಟಮ್ಸ್‌ನವರು ಸುಮ್ಮನಾದರು. ಬುದ್ಧಿ ಅಂದರೆ ಅದು.

ಇಲ್ಲಿಂದ ಕವಾಸಕಿಯಲ್ಲಿ ಎರಡು ದಾರಿ ಶುರುವಾಗುತ್ತದೆ. ಒಂದು ವಲ್ಕನ್. 1985ರಲ್ಲಿ ಬಂತು, ವಿ ಆಕಾರದಲ್ಲಿ ಎರಡು ಸಿಲಿಂಡರ್. ಅಮೆರಿಕಕ್ಕೆ ಅದು ಮೊದಲು ಹೋದದ್ದೂ ಅದೇ 699 ಸಿಸಿ ವೇಷದಲ್ಲಿ. ಹಾರ್ಲಿ ಥರ ಬೇಕು ಅನ್ನುವವರಿಗೆ ಅದು. ಅದನ್ನು ಕಾಪಿ ಅನ್ನಿ, ನಾನು ಜಗಳಕ್ಕೆ ಬರುವುದಿಲ್ಲ. ಇನ್ನೊಂದು ಅದೇ 1985ರ ಝಡ್‌ಎಲ್900. ಎಲಿಮಿನೇಟರ್. ಇದಕ್ಕೂ ಹಾರ್ಲಿಗೂ ಸಂಬಂಧವೇ ಇಲ್ಲ.

ಇದರ ಎಂಜಿನ್ ಜಿಪಿಝಡ್900ಆರ್‌ನದು. 1984ರಲ್ಲಿ ಬಂದ, ಮೊದಲ ಬಾರಿಗೆ ನಿಂಜಾ ಅಂತ ಹೆಸರು ಹೊತ್ತ ದೊಡ್ಡ ಬೈಕ್ ಅದು. 908 ಸಿಸಿ, ನಾಲ್ಕು ಸಿಲಿಂಡರ್, ಹದಿನಾರು ವಾಲ್ವ್, ಲಿಕ್ವಿಡ್ ಕೂಲಿಂಗ್. ಆ ಕಾಲದಲ್ಲಿ ರಸ್ತೆಯ ಮೇಲಿನ ಅತಿ ವೇಗದ ಬೈಕುಗಳ ಸಾಲಿನಲ್ಲಿ ಮುಂದೆ ನಿಂತದ್ದು. ಕವಾಸಕಿಯವರು ಆ ಎಂಜಿನ್ನಿನ ಮೇಲ್ತುದಿಯ ಶಕ್ತಿಯನ್ನು ಸ್ವಲ್ಪ ಇಳಿಸಿ, ನಡುವಿನ ಎಳೆತವನ್ನು ಗಟ್ಟಿ ಮಾಡಿದರು. ಆಮೇಲೂ ಉಳಿದದ್ದು ಸುಮಾರು 105 ಅಶ್ವಶಕ್ತಿ. 1985ರಲ್ಲಿ! ಕ್ರೂಸರ್‌ನಲ್ಲಿ!

ಆಕಾರ ಎಲ್ಲಿಂದ ಬಂತು ಅಂದರೆ ಡ್ರ್ಯಾಗ್ ರೇಸಿನಿಂದ. ಕಾಲು ಮೈಲಿ, ಅಂದರೆ 402 ಮೀಟರ್, ನೇರ ರಸ್ತೆ. ಇಬ್ಬರು ನಿಲ್ಲುತ್ತಾರೆ, ಹಸಿರು ದೀಪ ಬೀಳುತ್ತದೆ, ಸೋತವನು ಮನೆಗೆ. ಅಲ್ಲಿ ಬೈಕ್ ಯಾಕೆ ಉದ್ದ ಇರಬೇಕು, ತಗ್ಗಿರಬೇಕು ಗೊತ್ತಾ? ಚಂದಕ್ಕಲ್ಲ. ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಮುಂದಿನ ಚಕ್ರ ಆಕಾಶಕ್ಕೆ ಏಳಬಾರದು. ಎರಡು ಚಕ್ರಗಳ ನಡುವಿನ ಅಂತರ ಜಾಸ್ತಿ ಇದ್ದು, ಭಾರ ಕೆಳಗಿದ್ದರೆ ಬೈಕ್ ಮೇಲೇಳುವ ಬದಲು ಮುಂದಕ್ಕೆ ನುಗ್ಗುತ್ತದೆ. ಹಿಂದಿನ ಟೈರ್ ದಪ್ಪ, ಯಾಕೆಂದರೆ ಹಿಡಿತ ಬೇಕು. ತಗ್ಗು ಸೀಟು ನಿಮ್ಮ ಸೊಂಟದ ಸುಖಕ್ಕೆ ಅಂದುಕೊಂಡಿದ್ದೀರಾ? ಅದು ಎಂಜಿನ್ನಿಗೋಸ್ಕರ. ಆ ಬೈಕಿನಲ್ಲಿ ಎಲ್ಲವೂ ಎಂಜಿನ್ನಿಗೋಸ್ಕರ. ಅದಕ್ಕೇ ಹೇಳಿದ್ದು, ಹ್ಯಾಂಡಲ್ ನೋಡಬೇಡಿ ಅಂತ!

ಕಾಮೆಂಟ್‌ನಲ್ಲಿ ಯಾರೋ ಪಂಡಿತರು ಈಗಾಗಲೇ ಟೈಪ್ ಮಾಡುತ್ತಿರುತ್ತಾರೆ. "ಡ್ರ್ಯಾಗ್ ಬೈಕ್ ಅಂತೀರಿ, ಮತ್ತೆ ಅದಕ್ಕೆ ಚೈನ್ ಬಿಟ್ಟು ಶಾಫ್ಟ್ ಡ್ರೈವ್ ಯಾಕೆ ಕೊಟ್ಟರು? ಶಾಫ್ಟ್ ಭಾರ ಅಲ್ವಾ?" ಹೌದು ಸಾರ್, ಭಾರ. ಚೈನ್ ಬದಲು ತಿರುಗುವ ಒಂದು ಲೋಹದ ಸರಳು ಹಿಂದಿನ ಚಕ್ರ ಓಡಿಸುತ್ತದಲ್ಲ. ಚೈನ್‌ಗೆ ಎಣ್ಣೆ ಹಾಕುವ ಗೋಜು ಇಲ್ಲ, ಭಾನುವಾರ ಬಿಡುವು ಸಿಗುತ್ತದೆ. ಮುಂದಿನ ಪ್ರಶ್ನೆ.

ಅದೇ 1985ರಲ್ಲಿ ಯಮಹಾ ವಿಮ್ಯಾಕ್ಸ್ ತಂದಿತು. 1198 ಸಿಸಿ, ನಾಲ್ಕು ಸಿಲಿಂಡರಿನ ವಿ ಎಂಜಿನ್. ಅದರ ಹೆಸರು ಇವತ್ತಿಗೂ ಬೈಕ್ ಹುಚ್ಚರ ಬಾಯಲ್ಲಿದೆ. ಎಲಿಮಿನೇಟರ್ ಹೆಸರು ಹೇಳಿದರೆ "ಅವೆಂಜರ್ ಕಾಪಿ." ನನ್ನ ಹೊಟ್ಟೆ ಉರಿಯುವುದು ಇದಕ್ಕೇ. 2011ರಲ್ಲಿ ಡುಕಾಟಿಯವರು ತಮ್ಮ 1198 ಸೂಪರ್‌ಬೈಕಿನ ಎಂಜಿನ್ ತೆಗೆದು ತಗ್ಗು ಸೀಟಿನ ಬೈಕಿಗೆ ಇಟ್ಟು ಡಿಯಾವೆಲ್ ಅಂದರು. ಜಗತ್ತೆಲ್ಲ ಚಪ್ಪಾಳೆ. ಆಹಾ, ಎಂಥ ಹೊಸ ಯೋಚನೆ! ಇಪ್ಪತ್ತಾರು ವರ್ಷ ಮುಂಚೆ ಕವಾಸಕಿ ಇದನ್ನೇ ಮಾಡಿತ್ತು ಕಣ್ರೀ. ಇದನ್ನೇ!

ಇಲ್ಲಿ ಒಂದು ನಿಮಿಷ. ವಿಡಿಯೋ ಇಷ್ಟವಾಗುತ್ತಿದ್ದರೆ ಚಾನೆಲ್ ಸಬ್‌ಸ್ಕ್ರೈಬ್ ಮಾಡಿ. ನೋಡುವವರಲ್ಲಿ ಮುಕ್ಕಾಲುಪಾಲು ಜನ ಸಬ್‌ಸ್ಕ್ರೈಬ್ ಮಾಡಿಲ್ಲ. ಸುಮ್ನೆ ಬಂದು ನೋಡಿ, ಜಗಳ ಆಡಿ ಹೋಗುತ್ತೀರಿ. ಟೀ ಶರ್ಟ್ ಕೂಡ ಬಂದಿದೆ. "ಹ್ಯಾಂಡಲ್ ಬಿಡಿ, ಎಂಜಿನ್ ನೋಡಿ" ಅಂತ ಬರೆಸಿದ್ದೇನೆ. ಕಪ್ಪು ಬಣ್ಣ ಮಾತ್ರ. ಗ್ರೀಸ್ ಕಾಣಬಾರದು ಅಂತ.

ಮುಂದಕ್ಕೆ. ಎಲಿಮಿನೇಟರ್‌ಗೆ ತಮ್ಮಂದಿರು ಹುಟ್ಟಿದರು. 600, ಜಪಾನಿಗೆ 400, ಆಮೇಲೆ 250. ಆರುನೂರರ ಎಂಜಿನ್ ಜಿಪಿಝಡ್600ಆರ್‌ನದು. 1987ರಲ್ಲಿ ಝಡ್‌ಎಲ್1000 ಬಂತು, ಅದರ ಎಂಜಿನ್ 1000ಆರ್‌ಎಕ್ಸ್ ಸ್ಪೋರ್ಟ್ಸ್ ಬೈಕಿನದು. ನೋಡಿದಿರಾ? ಪ್ರತಿ ಸಲವೂ ಅದೇ ಲೆಕ್ಕ.

ಆದರೆ ಅಮೆರಿಕದ ಜನ ನಿಧಾನವಾಗಿ ಕ್ರೋಮ್ ಕಡೆಗೇ ವಾಲಿದರು. 1987ರಲ್ಲಿ ವಲ್ಕನ್ 1500 ಬಂತು, ದೊಡ್ಡದಾಗಿ ಬೆಳೆಯಿತು. ದೊಡ್ಡ ಎಲಿಮಿನೇಟರ್ ಮೂಲೆಗೆ ಸೇರಿತು. ಹೆಸರು ಮಾತ್ರ ಸಣ್ಣ ಬೈಕುಗಳ ಮೇಲೆ ಉಳಿಯಿತು. 1998ರಲ್ಲಿ ಜಪಾನಿನಲ್ಲಿ 250ವಿ ಬಂತು, ಅದೂ ವಿ ಟ್ವಿನ್, ಅಂದರೆ ವಿ ಆಕಾರದಲ್ಲಿ ಎರಡು ಸಿಲಿಂಡರ್. ಅದೇ ಹೊತ್ತಿಗೆ 125 ಸಿಸಿಯ ಒಂದು ಸಿಂಗಲ್ ಸಿಲಿಂಡರ್ ಎಲಿಮಿನೇಟರ್ ಬಂತು, ಕಲಿಯುವವರಿಗೆ. ನೀವು ಕೇಳುತ್ತೀರಿ: "ಇವುಗಳಲ್ಲಿ ನಿಂಜಾ ಎಂಜಿನ್ ಎಲ್ಲಿ ಸಾರ್?" ಇವನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಯಾಕೆ? ನನ್ನ ಚಾನೆಲ್, ನನ್ನ ಲೆಕ್ಕ.

ಈಗ ನಮ್ಮ ದೇಶಕ್ಕೆ ಬರೋಣ. ಎಲ್ಲ ಗೊಂದಲ ಹುಟ್ಟಿದ್ದು ಇಲ್ಲೇ.

ಬಜಾಜ್ ಮತ್ತು ಕವಾಸಕಿ ಸ್ನೇಹ ಎಂಬತ್ತರ ದಶಕದ್ದು. ಕೆಬಿ100 ನೆನಪಿದೆಯಾ? 4ಎಸ್ ಚಾಂಪಿಯನ್? ಬಾಕ್ಸರ್? ಕ್ಯಾಲಿಬರ್? ಕ್ಯಾಲಿಬರ್ ಇಲ್ಲದ ಬೀದಿಯೇ ಇರಲಿಲ್ಲ ಒಂದು ಕಾಲಕ್ಕೆ. ಆ ಸ್ನೇಹದಲ್ಲೇ 2001ರಲ್ಲಿ ಎಲಿಮಿನೇಟರ್ ಇಲ್ಲಿಗೆ ಬಂತು. 175 ಸಿಸಿ ವರ್ಗದ್ದು, ಗಾಳಿಯಿಂದ ತಣ್ಣಗಾಗುವ ಒಂದೇ ಸಿಲಿಂಡರ್. ಮುದ್ದಾದ ಬೈಕ್. ನುಣುಪಾಗಿ ಓಡುತ್ತಿತ್ತು. ಆದರೆ ಅದೇ ವರ್ಷ ಪಲ್ಸರ್ ಕೂಡ ಬಂತು. ಶೋರೂಮಿಗೆ ಹೋದವನು ಎಲಿಮಿನೇಟರ್ ಬೆಲೆ ಕೇಳಿ, ಪಲ್ಸರ್ ಬೆಲೆ ಕೇಳಿ, ಪಲ್ಸರ್ ಕೀ ಹಿಡಿದು ಹೊರಗೆ ಬರುತ್ತಿದ್ದ. ಪಲ್ಸರ್ ಎಷ್ಟೋ ಅಗ್ಗ, ಓಟದಲ್ಲೂ ಚುರುಕು. ಎಲಿಮಿನೇಟರ್ ಕೊಂಡವರು ಊರಿಗೆ ಒಬ್ಬರೋ ಇಬ್ಬರೋ. ಸಿಗ್ನಲ್‌ನಲ್ಲಿ ನಿಂತರೆ ಆಟೋದವರು ತಿರುಗಿ ನೋಡುತ್ತಿದ್ದರು, ಇದೇನಪ್ಪ ಇದು ಅಂತ.

ಆಗ ಬಜಾಜ್‌ನವರು ಒಂದು ಉಪಾಯ ಮಾಡಿದರು. 2005ರಲ್ಲಿ ಎಲಿಮಿನೇಟರ್‌ನ ಮೈಕಟ್ಟು ಹಾಗೇ ಇಟ್ಟುಕೊಂಡು ಅದಕ್ಕೆ ಪಲ್ಸರ್ 180ರ ಡಿಟಿಎಸ್ಐ, ಅಂದರೆ ಎರಡು ಸ್ಪಾರ್ಕ್ ಪ್ಲಗ್ಗಿನ, ಎಂಜಿನ್ ಕೂರಿಸಿದರು. ಬೆಲೆ ಇಳಿಯಿತು, ಶಕ್ತಿ ಏರಿತು. ಹೆಸರು ಅವೆಂಜರ್. 2007ರಲ್ಲಿ ಅದೇ 200 ಆಯಿತು, 2010ರಲ್ಲಿ 220. 2015ರಲ್ಲಿ ಸ್ಟ್ರೀಟ್, ಕ್ರೂಸ್ ಅಂತ ಎರಡು ವೇಷ. ಎತ್ತರದ ಹುಡುಗರು, ಕುಳ್ಳ ಹುಡುಗರು, ಸೊಂಟ ನೋವಿನ ಅಂಕಲ್‌ಗಳು, ಎಲ್ಲರೂ ಓಡಿಸಿದರು. ನಾನು ಅವೆಂಜರ್‌ನ ವಿರೋಧಿ ಅಲ್ಲ ಮಾರಾಯ್ರೇ. ಒಳ್ಳೆಯ ಬೈಕ್.

ಆದರೆ ಇಲ್ಲೊಂದು ಮಜಾ ಇದೆ. ಬಜಾಜ್ ಮಾಡಿದ್ದೇನು? ತಮ್ಮ ಚುರುಕು ಬೈಕಿನ ಎಂಜಿನ್ ತೆಗೆದು ತಗ್ಗು ಸೀಟಿನ ಬೈಕಿಗೆ ಇಟ್ಟರು. ಅಂದರೆ ಕವಾಸಕಿಯ 1985ರ ಪಾಠವನ್ನೇ ಪುಣೆಯಲ್ಲಿ ಮತ್ತೆ ಬರೆದರು! ಪಾಪ, ಕವಾಸಕಿಯವರೇ ಆ ಹೊತ್ತಿಗೆ ಆ ಪಾಠ ಮರೆತು ಕೂತಿದ್ದರು. ಅವೆಂಜರ್ ಗೆದ್ದದ್ದೂ ಎಂಜಿನ್‌ನಿಂದಲೇ. ನೀವು ನನ್ನ ವಿರುದ್ಧ ತಂದ ಸಾಕ್ಷಿ ನನ್ನ ಪರವಾಗಿಯೇ ಹೇಳಿಕೆ ಕೊಟ್ಟಿತು. ಏನು ಮಾಡುತ್ತೀರಿ ಈಗ?

ಸ್ನೇಹ 2017ಕ್ಕೆ ಮುಗಿಯಿತು. ಬಜಾಜ್ ಬೇರೆ, ಕವಾಸಕಿ ಬೇರೆ. ಮೈಕಟ್ಟು ಇವರ ಹತ್ತಿರ ಉಳಿಯಿತು, ಹೆಸರು ಅವರ ಹತ್ತಿರ.

2023ರ ಮಾರ್ಚ್. ಜಪಾನಿನ ಒಸಾಕಾ ಮೋಟಾರ್‌ಸೈಕಲ್ ಶೋ. ಕವಾಸಕಿಯವರು ಪರದೆ ಸರಿಸಿದರು. ಎಲಿಮಿನೇಟರ್! ನಾನು ಮೊದಲು ಹುಡುಕಿದ್ದು ಎಂಜಿನ್ ಯಾವುದು ಅಂತ. 398 ಸಿಸಿ, ನಿಂಜಾ 400ರದು. ಕುಣಿಯುವುದೊಂದು ಬಾಕಿ. ಅದರ ಎಸ್ಇ ಮಾದರಿಯಲ್ಲಿ ಮುಂದೆ ಒಂದು, ಹಿಂದೆ ಒಂದು ಕ್ಯಾಮೆರಾ, ಫ್ಯಾಕ್ಟರಿಯಲ್ಲೇ ಕೂರಿಸಿ ಕೊಟ್ಟರು. ಯಾರು ಗುದ್ದಿದರು ಅಂತ ರೆಕಾರ್ಡ್ ಆಗುತ್ತದೆ. ಇದು ಜಪಾನಿಗೆ ಯಾಕೆ? ಅಲ್ಲಿ ಎಲ್ಲರೂ ಸಾಲಾಗಿ ಹೋಗುತ್ತಾರೆ. ಸಿಲ್ಕ್ ಬೋರ್ಡ್ ಜಂಕ್ಷನ್‌ಗೆ ಕೊಡಬೇಕಿತ್ತು ಮೊದಲು.

ಹೊರದೇಶಗಳಿಗೆ ಇದೇ ಬೈಕ್ 451 ಸಿಸಿ ಆಗಿ ಹೋಯಿತು. ಸಿಲಿಂಡರಿನ ಅಗಲ ಅದೇ 70 ಮಿಲಿಮೀಟರ್. ಪಿಸ್ಟನ್ ಓಡುವ ದೂರವನ್ನು 51.8ರಿಂದ 58.6 ಮಿಲಿಮೀಟರಿಗೆ ಹೆಚ್ಚಿಸಿದರು. ಅದರಿಂದ ಕೆಳಗಿನ ಆರ್‌ಪಿಎಂನಲ್ಲೇ ಎಳೆತ ಸಿಗುತ್ತದೆ. ಇದೇ ಎಂಜಿನ್ ನಿಂಜಾ 500ರಲ್ಲೂ ಇದೆ. ನಿಂಜಾ! ಮತ್ತೆ ನಿಂಜಾ! ನಮ್ಮಲ್ಲಿಗೆ 2024ರ ಜನವರಿಯಲ್ಲಿ ಬಂತು, ಶೋರೂಮ್ ಬೆಲೆ 5.62 ಲಕ್ಷ. 45 ಪಿಎಸ್ ಶಕ್ತಿ (ಹೆಚ್ಚುಕಡಿಮೆ ಅಷ್ಟೇ ಅಶ್ವಶಕ್ತಿ ಅಂದುಕೊಳ್ಳಿ), 176 ಕೆಜಿ ತೂಕ, 735 ಮಿಲಿಮೀಟರ್ ಎತ್ತರದ ಸೀಟು.

ಈಗ ಕೆಲವರು ನಗುತ್ತಾರೆ. "ಸಾರ್, 1985ರಲ್ಲಿ 105, ಈಗ 45. ಇದನ್ನು ಬೆಳವಣಿಗೆ ಅಂತೀರಾ?" ನೋಡಿ, ಜಪಾನಿನಲ್ಲಿ ಮಧ್ಯಮ ಬೈಕಿನ ಲೈಸೆನ್ಸ್ 400 ಸಿಸಿಗೆ ನಿಲ್ಲುತ್ತದೆ. ಅದಕ್ಕೇ ಅಲ್ಲಿ 398. ಯುರೋಪಿನಲ್ಲಿ ಎ2 ಲೈಸೆನ್ಸ್ 35 ಕಿಲೋವ್ಯಾಟ್‌ಗೆ ನಿಲ್ಲುತ್ತದೆ, ಅಂದರೆ 47 ಪಿಎಸ್ ಚಿಲ್ಲರೆ. ಅದಕ್ಕೇ ಅಲ್ಲಿ 45. ಬೈಕ್ ಸಣ್ಣದಾದದ್ದು ಕಾನೂನಿನ ಲೆಕ್ಕಕ್ಕೆ. ಅಳತೆ ಬದಲಾಯಿತು, ಎಂಜಿನ್ ಯಾವ ಮನೆಯದು ಅನ್ನುವುದು ಬದಲಾಗಿಲ್ಲ. ನಾನು ಮೊದಲಿನಿಂದ ಬಡಿದುಕೊಳ್ಳುತ್ತಿರುವುದು ಇದೇ ಅಲ್ವಾ?

ಇನ್ನೊಂದು ಗುಂಪು ಇದೆ. ಸೌಂಡ್ ಗುಂಪು. "ಕ್ರೂಸರ್ ಅಂದ್ರೆ ಡುಗ್ ಡುಗ್ ಇರಬೇಕು ಗುರು. ಇದು ಮಿಕ್ಸಿ ಥರ ಇದೆ." ಡುಗ್ ಡುಗ್ ಬೇಕಾದರೆ ಊರಲ್ಲಿ ಫ್ಲೋರ್ ಮಿಲ್ ಇದೆ, ಹೋಗಿ ಕೂತುಕೊಳ್ಳಿ. ಉಚಿತ.

ಆಮೇಲೆ ಬೆಲೆ ಗುಂಪು. ಅತಿ ದೊಡ್ಡ ಗುಂಪು. "ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯರ್ 650 ಬಂದಾಗ ಬರೀ 3.49 ಲಕ್ಷ. ಉಳಿದ ಎರಡು ಲಕ್ಷದಲ್ಲಿ ಲಡಾಖ್ ಹೋಗಿಬರಬಹುದು." ಹೋಗಿಬನ್ನಿ ಸ್ವಾಮಿ, ಯಾರು ಬೇಡ ಅಂದರು? ಸೂಪರ್ ಮೀಟಿಯರ್ 648 ಸಿಸಿ, 47 ಪಿಎಸ್, ತೂಕ 241 ಕೆಜಿ. ಎಲಿಮಿನೇಟರ್ 451 ಸಿಸಿ, 45 ಪಿಎಸ್, 176 ಕೆಜಿ. ಅರವತ್ತೈದು ಕೆಜಿ ವ್ಯತ್ಯಾಸ. ಅಂದರೆ ಒಬ್ಬ ಪೂರ್ತಿ ಮನುಷ್ಯ! ಸೂಪರ್ ಮೀಟಿಯರ್ ಕೊಂಡವರು ಯಾವಾಗಲೂ ಡಬಲ್ಸ್ ಹೋಗುತ್ತಿರುತ್ತಾರೆ, ಹಿಂದೆ ಯಾರೂ ಇಲ್ಲದಿದ್ದರೂ. ಇನ್ನು ಸೂಪರ್ ಮೀಟಿಯರ್ ಎಂಜಿನ್ ಎಲ್ಲಿಯದು? ಇಂಟರ್‌ಸೆಪ್ಟರ್ ಮತ್ತು ಕಾಂಟಿನೆಂಟಲ್ ಜಿಟಿಯದು. ರೇಸ್ ಗತ್ತಿನ ಬೈಕಿನ ಎಂಜಿನ್ ತಗ್ಗು ಸೀಟಿನ ಬೈಕಿಗೆ! ರಾಯಲ್ ಎನ್‌ಫೀಲ್ಡ್ ಕೂಡ ನನ್ನ ಮಾತೇ ಕೇಳುತ್ತದೆ. ನೀವು ಮಾತ್ರ ಕೇಳುವುದಿಲ್ಲ.

"ವಲ್ಕನ್ ಎಸ್ ಇತ್ತಲ್ಲ, ಅದರಲ್ಲೂ ನಿಂಜಾ 650 ಎಂಜಿನ್ ಇತ್ತಲ್ಲ?" ಇತ್ತು. ಅದು ತಪ್ಪು ಹೆಸರು ಇಟ್ಟುಕೊಂಡ ಎಲಿಮಿನೇಟರ್. ಅಷ್ಟೇ. ಮುಗೀತು.

ಸರಿ. ಕಾಗದದಲ್ಲಿ ಬರೆದುಕೊಂಡು ಬಂದದ್ದು ಇಷ್ಟೇ. ಇನ್ನು ಬಾಯಿಗೆ ಬಂದದ್ದು.

ಬೆಲೆ ಜಾಸ್ತಿಯಾ? ಜಾಸ್ತಿ. ಹೊರಗಿನಿಂದ ಪೂರ್ತಿ ಜೋಡಿಸಿಕೊಂಡೇ ಬರುತ್ತದೆ. ಸಾಲದ್ದಕ್ಕೆ 2025ರ ಸೆಪ್ಟೆಂಬರ್‌ನಲ್ಲಿ 350 ಸಿಸಿ ಮೇಲಿನ ಬೈಕುಗಳ ಜಿಎಸ್‌ಟಿ ಶೇಕಡಾ 40 ಆಯಿತು. ಅದಕ್ಕೆ ಬೈಕ್ ಏನು ಮಾಡೀತು? ಬಿಡಿಭಾಗ ದುಬಾರಿಯಾ? ಬೀಳಬೇಡಿ. ಹಿಂದಿನ ಸೀಟು ಸಣ್ಣದಾ? ಒಬ್ಬರೇ ಹೋಗಿ. ನೋಡುವುದಕ್ಕೆ ಹೇಗಿದೆ ಅಂದರೆ ಚೆನ್ನಾಗಿದೆ. ಯಾಕೆ ಚೆನ್ನಾಗಿದೆ ಅಂದರೆ, ಚೆನ್ನಾಗಿದೆ, ಅಷ್ಟೇ. ಎಲ್ಲದಕ್ಕೂ ಕಾರಣ ಕೊಡುತ್ತಾ ಕೂರುವುದಕ್ಕೆ ಇದೇನು ಕೋರ್ಟಾ?

ನಿಂಜಾ ಎಂಜಿನ್ ರೀ! ಇನ್ನೇನು ಬೇಕು? ಟ್ಯಾಂಕಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಬೇಕಿತ್ತು, ಇದು ನಿಂಜಾ ಎಂಜಿನ್ ಅಂತ. ಕನ್ನಡದಲ್ಲೇ ಬರೆಯಬೇಕಿತ್ತು. ಆಗ ಕಾಪಿ ಅನ್ನುತ್ತಿರಲಿಲ್ಲ. ಆಗಲೂ ಅನ್ನುತ್ತಿದ್ದರು, ಬಿಡಿ. ಅವೆಂಜರ್ ಮೇಲೂ ಕನ್ನಡದಲ್ಲಿ ಬರೆಸಬಹುದು ಅನ್ನುತ್ತಿದ್ದರು.

ಎಡಿಟರ್ ಆ ಕಡೆಯಿಂದ ಕೈ ಆಡಿಸುತ್ತಿದ್ದಾನೆ, ಟೈಮ್ ಆಯಿತು ಅಂತ. ಅವನ ಹತ್ತಿರ ಇರುವುದು ಸ್ಕೂಟರ್. ಅವನ ಮಾತಿಗೆ ಬೆಲೆ ಇಲ್ಲ.

ಒಂದು ಕೋರಿಕೆ ಮಾತ್ರ. 2001ರ ಆ ಮೊದಲ ಎಲಿಮಿನೇಟರ್ 175 ಇನ್ನೂ ನಿಮ್ಮ ಮನೆಯಲ್ಲಿ ಓಡುವ ಸ್ಥಿತಿಯಲ್ಲಿ ಇದೆಯಾ? ಆರ್‌ಸಿ ರಿನ್ಯೂ ಆಗಿದೆಯಾ? ಪೇಂಟ್ ಹೋಗಿದ್ದರೂ ಪರವಾಗಿಲ್ಲ, ಎಂಜಿನ್ ಒರಿಜಿನಲ್ ಇರಬೇಕು. ಕರ್ನಾಟಕದಲ್ಲಿ ಎಲ್ಲೇ ಇದ್ದರೂ ಇನ್‌ಸ್ಟಾದಲ್ಲಿ ಮೆಸೇಜ್ ಹಾಕಿ, ಕ್ಯಾಮೆರಾ ಹಿಡಿದು ಬರುತ್ತೇನೆ. ಪೆಟ್ರೋಲ್ ನನ್ನದು. ಊಟ ನಿಮ್ಮದು. ಪಲ್ಸರ್ ಎಂಜಿನ್ ಕೂರಿಸಿಕೊಂಡವರು ದಯವಿಟ್ಟು ಮೆಸೇಜ್ ಹಾಕಬೇಡಿ.